ಸೊಂಟ ನೋವಿನವರಿಗೆ ಮಾತಿನ ಜೊತೆ: ದುಡ್ಡು ಕಟ್ಟಿದ ಗುಂಪಾ, ವಾಟ್ಸಾಪ್ ಗುಂಪಾ, ಫಿಸಿಯೋ ಬೆಂಚಿನ ಅಕ್ಕನಾ?

ಮೊದಲೇ ಹೇಳಿಬಿಡುತ್ತೇನೆ. ನನಗೆ ಒಗ್ಗಿದ್ದು ಫಿಸಿಯೋಥೆರಪಿ ರೂಮಿನ ಹೊರಗಿನ ಬೆಂಚಿನಲ್ಲಿ ಪರಿಚಯವಾದ ಕ್ಯಾತ್ಸಂದ್ರದ ಅಕ್ಕ. ತಿಂಗಳಿಗೆ 1,200 ರೂಪಾಯಿ ಕಟ್ಟಿ ಸೇರಿದ ಆನ್‌ಲೈನ್ ಗುಂಪನ್ನು ಬಿಟ್ಟಿದ್ದೇನೆ. ತುಮಕೂರಲ್ಲಿ ನನ್ನ ಹಾಗೆ ನೋವು ಇಟ್ಟುಕೊಂಡು, ಮಾತಿಗೆ ಒಬ್ಬರು ಸಿಕ್ಕರೆ ಸಾಕು ಅಂತ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

3 ತಿಂಗಳು ದಾಟಿದ ನೋವನ್ನು ಡಾಕ್ಟರುಗಳು ದೀರ್ಘಕಾಲದ ನೋವು ಅನ್ನುತ್ತಾರೆ. ಎಷ್ಟೋ ಜನರಲ್ಲಿ ಪೆಟ್ಟು ವಾಸಿಯಾದ ಮೇಲೂ ನರಗಳು ಸೂಕ್ಷ್ಮವಾಗಿಯೇ ಉಳಿದು ನೋವು ಮುಂದುವರಿಯುತ್ತದೆ, ಸ್ಕ್ಯಾನಿನಲ್ಲಿ ಮಾತ್ರ ಏನೂ ಕಾಣುವುದಿಲ್ಲ. "ರಿಪೋರ್ಟ್ ನಾರ್ಮಲ್ ಅಲ್ವಾ, ಇನ್ನೇನು?" ಅಂತ ಮನೆಯವರು ಕೇಳುತ್ತಾರೆ. ಅವರ ಮೇಲೆ ಸಿಟ್ಟಿಲ್ಲ. ಆದರೆ ನಮ್ಮ ಮಾತನ್ನು ನಂಬುವವರು ಒಬ್ಬರಾದರೂ ಬೇಕೇ ಬೇಕು.

ದುಡ್ಡು ಕಟ್ಟಿದ ಗುಂಪಿನಲ್ಲಿ ಒಳ್ಳೆಯದೂ ಇತ್ತು. ಕೌನ್ಸೆಲರ್ ಚೆನ್ನಾಗಿ ಕಲಿತವರು. ನೋವು ಏರುವವರೆಗೆ ಕಾಯದೆ, ಅದಕ್ಕೂ ಮುಂಚೆಯೇ ಕೆಲಸ ನಿಲ್ಲಿಸಿ ಸುಧಾರಿಸಿಕೊಳ್ಳಬೇಕು ಅನ್ನುವುದನ್ನು ಅವರಿಂದಲೇ ಕಲಿತೆ. ಇವತ್ತಿಗೂ ಪಾತ್ರೆ ತೊಳೆಯುವುದನ್ನು ಹಾಗೇ ಮಾಡುತ್ತೇನೆ, ಅರ್ಧ ತೊಳೆದು ಮಲಗಿ, ಆಮೇಲೆ ಉಳಿದರ್ಧ.

ತೊಂದರೆ ಆಗಿದ್ದು ಕೂರುವ ವಿಷಯದಲ್ಲಿ. ಒಂದೂವರೆ ಗಂಟೆ ಕುರ್ಚಿಯಲ್ಲೇ ಕೂತಿರಬೇಕು, ಕ್ಯಾಮೆರಾ ಆನ್ ಇರಬೇಕು. ನನಗೆ ನೋವು ಬರುವುದೇ ಕೂತಾಗ! ಇಪ್ಪತ್ತು ನಿಮಿಷಕ್ಕೆ ಸೊಂಟ ಉರಿಯಲು ಶುರುವಾಗುತ್ತಿತ್ತು. ಕ್ಯಾಮೆರಾ ಆಫ್ ಮಾಡಿ ಮಂಚಕ್ಕೆ ಒರಗಿದರೆ ತಕ್ಷಣ "ದಯವಿಟ್ಟು ವಿಡಿಯೋ ಆನ್ ಮಾಡಿ" ಅಂತ ಮೆಸೇಜ್. ಮಲಗಿಕೊಂಡೇ ಸೇರಬಹುದಾ ಅಂತ ಕೇಳಿದೆ. ಬೇರೆಯವರಿಗೆ ಮುಜುಗರ ಆಗುತ್ತೆ, ನಿಯಮ ಎಲ್ಲರಿಗೂ ಒಂದೇ ಅಂದರು.

ಆ ಬೇರೆಯವರೂ ನೋವಿನವರೇ ತಾನೇ? ಪರದೆ ತುಂಬಾ ಜನ ಪಕ್ಕ ಬದಲಿಸುತ್ತಿದ್ದರು. ಒಬ್ಬರು ದಿಂಬಿನ ಮೇಲೆ ದಿಂಬು ಇಡುತ್ತಿದ್ದರು, ಇನ್ನೊಬ್ಬರು ಪೂರ್ತಿ ಹೊತ್ತು ನಿಂತೇ ಇರುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಮಾತಾಡುವ ಶಕ್ತಿಯೇ ಇರುತ್ತಿರಲಿಲ್ಲ, "ಪರವಾಗಿಲ್ಲ, ಹಾಗೇ ಇದೆ" ಅಂದು ಮುಗಿಸುತ್ತಿದ್ದೆ. ಮಾರನೇ ದಿನ ಪೂರ್ತಿ ಹಾಸಿಗೆ. ಸಮಾಧಾನಕ್ಕೆ ಅಂತ ದುಡ್ಡು ಕೊಟ್ಟು ನೋವು ಜಾಸ್ತಿ ಮಾಡಿಕೊಳ್ಳುವುದು ನನ್ನ ಕೈಲಾಗಲಿಲ್ಲ. ತಿಂಗಳ ಮಧ್ಯೆ ಬಿಟ್ಟಿದ್ದಕ್ಕೆ ಹಣವೂ ವಾಪಸ್ ಬರಲಿಲ್ಲ.

ವಾಟ್ಸಾಪ್ ಗುಂಪಿಗೆ ಖರ್ಚಿಲ್ಲ. ಆದರೆ ಅಲ್ಲಿ ನೋವು ಅಂದರೆ ಎಣ್ಣೆ, ಕಷಾಯ, ಬೆಲ್ಟು ಅಂತ ಸಲಹೆ ಬರುತ್ತದೆ, "ಈಗ ಹೇಗಿದ್ದೀರಿ" ಅಂತ ಯಾರೂ ಕೇಳುವುದಿಲ್ಲ. ದೀರ್ಘಕಾಲದ ಬೆನ್ನು ನೋವಿಗೆ ರೂಢಿಯಾಗಿ ಸೊಂಟದ ಬೆಲ್ಟ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲೇ ಹೇಳಿದೆ. ಗುಂಪಿನಲ್ಲಿ ಬೆಲ್ಟ್ ಮಾರಾಟ ಮಾತ್ರ ನಿಂತಿಲ್ಲ.

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆಯೂ ಇರುತ್ತದೆ. ನಿದ್ದೆ ಬಾರದೆ ಮನಸ್ಸು ಕುಸಿದ ರಾತ್ರಿಗೆ ಈ ನಂಬರ್ ಫೋನಿನಲ್ಲಿ ಇರಲೇಬೇಕು.

ಇನ್ನು ಅಕ್ಕ. ಅವರಿಗೆ ಕತ್ತು, ಭುಜ ನೋವು. ಗಾರ್ಮೆಂಟ್ಸ್ ಕೆಲಸ ಬಿಟ್ಟು ವರ್ಷಗಳೇ ಆಗಿವೆ. ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಅವರವರ ಮನೆಯಲ್ಲಿ ಮಲಗಿಕೊಂಡು, ಫೋನ್ ಸ್ಪೀಕರಿಗೆ ಹಾಕಿ ಮಾತಾಡುತ್ತೇವೆ. "ಕಡಿಮೆ ಆಯ್ತಾ?" ಅಂತ ಅವರು ಯಾವತ್ತೂ ಕೇಳುವುದಿಲ್ಲ. "ಇವತ್ತು ಎಲ್ಲಿ ಹಿಡ್ಕೊಂಡಿದೆ?" ಅನ್ನುತ್ತಾರೆ. ಅಷ್ಟು ಕೇಳಿದರೆ ಸಾಕು, ನನ್ನ ಬಿಗಿ ಅರ್ಧ ಇಳಿಯುತ್ತದೆ. ಇಬ್ಬರಿಗೂ ಆಗುವ ದಿನ ಅಮಾನಿಕೆರೆಯಲ್ಲಿ ನಡೆಯುತ್ತೇವೆ, ಬೇಕೆನಿಸಿದಲ್ಲಿ ನಿಲ್ಲುತ್ತೇವೆ, ಬೇಗ ಬಾ ಅನ್ನುವವರು ಯಾರೂ ಇಲ್ಲ. ಖರ್ಚು ಆಟೋದ್ದು ಮಾತ್ರ.

ಕೊರತೆ ಇಲ್ಲವೆಂದಲ್ಲ. ಅವರ ನೋವು ಜಾಸ್ತಿಯಾದ ದಿನ ಫೋನ್ ಎತ್ತುವುದಿಲ್ಲ. ಇಬ್ಬರ ಮನಸ್ಸೂ ಒಟ್ಟಿಗೆ ಕುಗ್ಗಿದರೆ ಎತ್ತಿ ನಿಲ್ಲಿಸಲು ಮೂರನೆಯವರಿಲ್ಲ. ಅದಕ್ಕೇ ಬೆಂಚಿನಲ್ಲಿ ಸಿಗುವ ಇನ್ನೊಬ್ಬರನ್ನೂ ಈಗ ಜೊತೆಗೆ ಕರೆಯುತ್ತಿದ್ದೇವೆ.

ನನ್ನ ಬಜೆಟ್ಟಿಗೆ, ಮಲಗಿಯೇ ಮಾತಾಡುವ ನನ್ನ ಅಭ್ಯಾಸಕ್ಕೆ ಅಕ್ಕನೇ ಸರಿ. ಆ 1,200 ಈಗ ಫಿಸಿಯೋಗೆ ಹೋಗುತ್ತಿದೆ. ನಿಮಗೆ ಕೂರಲು ಕಷ್ಟವಿಲ್ಲದಿದ್ದರೆ, ಕಲಿಯುವುದಕ್ಕೆ ಅಂತ ಒಂದು ತಿಂಗಳು ದುಡ್ಡು ಕಟ್ಟುವ ಗುಂಪಿಗೆ ಸೇರಬಹುದು. ಕಟ್ಟುವ ಮುಂಚೆ ಮಲಗಿಕೊಂಡು ಸೇರಬಹುದಾ, ಮಧ್ಯೆ ಬಿಟ್ಟರೆ ಹಣ ವಾಪಸ್ ಕೊಡುತ್ತಾರಾ ಅಂತ ಎರಡನ್ನೂ ಕೇಳಿಕೊಳ್ಳಿ.