ಕಾಫಿನಾಡಿನಲ್ಲಿ ‘ಫಿ’ ಸಾಲದ ಪ್ರೆಸ್ಸು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಹಿಂದೆ ಒಂದು ಗಲ್ಲಿಯಲ್ಲಿ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕುವ ಪುಟ್ಟ ಪ್ರೆಸ್ಸು ಇನ್ನೂ ನಡೆಯುತ್ತಿದೆ. ಬೋರ್ಡು ಇಲ್ಲ. ಊರವರ ಹೆಸರೆಲ್ಲ ಅಚ್ಚು ಹಾಕುವವರಿಗೆ ತಮ್ಮದನ್ನು ಹಾಕಿಕೊಳ್ಳಲು ಪುರುಸೊತ್ತಾಗಿಲ್ಲ. ಮಸಿ, ಸೀಮೆಎಣ್ಣೆ ವಾಸನೆ ಹಿಡಿದು ಹೋದರೆ ಸಿಗುತ್ತದೆ.

ನಮ್ಮದು ಆಲ್ದೂರು ಕಡೆ ಸಣ್ಣ ತೋಟ. ಮನೆಯಲ್ಲೇ ಹುರಿದು ಪುಡಿ ಮಾಡಿ ಕಾಲು ಕೆಜಿ ಪ್ಯಾಕೆಟ್ ಮಾರುತ್ತೇವೆ. ಅದಕ್ಕೆ ಕಟ್ಟಲು 250 ಟ್ಯಾಗ್ ಬೇಕಿತ್ತು. ಚೀಟಿ ನೋಡುತ್ತಾ ಪ್ರೆಸ್ಸಿನ ಯಜಮಾನರು ಬೆರಳು ಮಡಿಸಿ ಎಣಿಸಿದರು. "ಮೂರು ಕಡೆ ಕಾಫಿ ಅಂತ ಬರ್ದಿದ್ದೀರಿ ಗೌಡ್ರೇ. ಈ ಸೈಜಲ್ಲಿ ನನ್ನತ್ರ ಇರೋದೇ ಎರಡು ‘ಫಿ’."

ಕಾಫಿನಾಡಲ್ಲಿ ‘ಫಿ’ಗೆ ಬರ! ಆದರೆ ಕಾರಣ ಸರಿಯಾಗೇ ಇದೆ. ಜಾಸ್ತಿ ಬಳಸುವ ಅಕ್ಷರದ ಮೊಳೆ ಜಾಸ್ತಿ, ಅಪರೂಪದ್ದು ಕಮ್ಮಿ, ಹಾಗೆ ಲೆಕ್ಕ ಹಾಕಿ ಸೆಟ್ಟು ಎರಕ ಹೊಯ್ಯುತ್ತಿದ್ದರು. ಕನ್ನಡದಲ್ಲಿ ‘ಫ’ ಬರುವ ಪದಗಳೇ ಎಷ್ಟಿವೆ ಹೇಳಿ. ಇಂಗ್ಲಿಷಿಗೆ ಮೊಳೆ ಇಡುವ ಎರಡು ಕೇಸು (ಖಾನೆಯ ಪೆಟ್ಟಿಗೆ) ಸಾಕು, ನಮಗೆ ಗುಣಿತ, ಒತ್ತು ಅಂತ ನೂರಾರು ಖಾನೆ ಬೇಕು, ಅದರಲ್ಲಿ ಒಂದು ಕಳೆದರೂ ಈಗ ಹೊಸದಾಗಿ ಮಾಡಿಕೊಡುವವರನ್ನು ಹುಡುಕಿಕೊಂಡು ಹೋಗಬೇಕು. ಕೊನೆಗೆ ಒಂದು ಕಡೆ ‘ಕಾಫಿ’ ತೆಗೆದು ಬರೀ ‘ಪುಡಿ’ ಅಂತ ಮಾಡಿದೆವು. ಓದಿದರೆ ಅದೇ ಚೆನ್ನಾಗಿದೆ.

ನನಗೆ ಕಾಗದ ಒಳಗಿಳಿದು ಕೈಗೆ ಸಿಗುವಂತೆ ಅಚ್ಚು ಬೀಳಬೇಕಿತ್ತು, ಈಗ ಎಲ್ಲರಿಗೂ ಅದೇ ಬೇಕು ಅಲ್ವಾ. ಅವರು ಖಡಾಖಂಡಿತ ಆಗಲ್ಲ ಅಂದರು. ಮೊಳೆ ಅಂದರೆ ಸೀಸ, ತವರ, ಆಂಟಿಮನಿ ಬೆರೆಸಿದ ಮೆತ್ತನೆಯ ಲೋಹ. ಅಷ್ಟು ಒತ್ತಿದರೆ ಅಕ್ಷರದ ಮುಖ ಬೇಗ ಸವೆಯುತ್ತದೆ. ಹಳಬರ ಲೆಕ್ಕದಲ್ಲಿ ಕಾಗದದ ಹಿಂದೆ ಗುರುತು ಬಿದ್ದರೆ ಅದು ಕೆಟ್ಟ ಕೆಲಸವಂತೆ. ಆಳವಾದ ಅಚ್ಚೇ ಬೇಕೆಂದರೆ ಅಕ್ಷರ ಉಬ್ಬಿ ನಿಂತ ಪ್ಲಾಸ್ಟಿಕ್ಕಿನ ಪಾಲಿಮರ್ ಪ್ಲೇಟು ಮಾಡಿಸುತ್ತಾರೆ, ಅದನ್ನೆಲ್ಲ ಮಗಳು ನೋಡಿಕೊಳ್ಳುತ್ತಾಳೆ, ಖರ್ಚು ಬೇರೆ. ನಾನು ಮೊಳೆಯನ್ನೇ ಆರಿಸಿಕೊಂಡೆ.

ಮಷಿನ್ ಎರಡಿವೆ. ಒಂದು ಕಾಲಲ್ಲಿ ತುಳಿಯುವ ಟ್ರೆಡಲ್. ಇನ್ನೊಂದು ಹೈಡಲ್‌ಬರ್ಗ್, ಗಾಳಿಯಂತ್ರದ ರೆಕ್ಕೆಯಂತೆ ಎರಡು ಕೈ ತಿರುಗುತ್ತಾ ತಾನೇ ಕಾಗದ ಎತ್ತಿ ಒಳಗಿಟ್ಟು ಹೊರಗೆ ತೆಗೆಯುತ್ತದೆ. ಆ ಮಾದರಿ ಜರ್ಮನಿಯಲ್ಲಿ 1985ರಲ್ಲೇ ನಿಂತುಹೋಯಿತು, ಇದು ಮಾತ್ರ ಗಡಿಯಾರದಂತೆ ಓಡುತ್ತಿದೆ. ನನ್ನ ಕೆಲಸದ ದಿನ ಕರೆಂಟಿಲ್ಲ. ಟ್ರೆಡಲ್ ತುಳಿದರು. ಸುಮ್ನೆ ನಿಂತು ನೋಡಿದೆ, ಒಂದು ಕೈ ಕಾಗದ ಇಡುತ್ತದೆ, ಇನ್ನೊಂದು ತೆಗೆಯುತ್ತದೆ, ನನಗಂತೂ ಬೆರಳು ಸಿಕ್ಕೀತೆಂದೇ ಭಯ.

ಇನ್ನು ದೂರುಗಳು. ಹತ್ತು ದಿನ ಅಂದವರು ಮೂರು ವಾರ ಮಾಡಿದರು. ಜುಲೈ ಮಳೆ, ಮಸಿ ಒಣಗುವುದಿಲ್ಲ, ಒಪ್ಪೋಣ. ಆದರೆ ಒಣಗುವ ಮೊದಲೇ ಕಟ್ಟಿಕೊಟ್ಟ ಒಂದು ಕಟ್ಟಿನಲ್ಲಿ ಇಪ್ಪತ್ತರಷ್ಟು ಟ್ಯಾಗಿನ ಹಿಂದೆ ಮಸಿ ಹತ್ತಿತ್ತು. ತೋರಿಸಿದಾಗ ಬೇರೆ ಹಾಕಿಕೊಟ್ಟರು. ಫೋನಂತೂ ಎತ್ತುವುದೇ ಇಲ್ಲ.

ಒಂದು ತಪ್ಪು ನನ್ನದು. ಕರಡಿನ ಫೋಟೋ ವಾಟ್ಸಾಪಿನಲ್ಲಿ ಬಂದಾಗ ಸರಿಯಾಗಿ ನೋಡದೆ ಓಕೆ ಅಂದೆ. ‘ಹುರಿದ ಕಾಫಿ’ಯಲ್ಲಿ ಕೊಂಬು ಬಿಟ್ಟುಹೋಗಿ ‘ಹರಿದ ಕಾಫಿ’ ಆಗಿತ್ತು. ನನ್ನ ಹೆಂಡತಿ ಕಂಡುಹಿಡಿಯುವಷ್ಟರಲ್ಲಿ ನಲವತ್ತು ಹಾಕಿಯಾಗಿತ್ತು. ಯಜಮಾನರು ಮುದ್ರಾರಾಕ್ಷಸನಿಗೂ ಕಾಫಿ ಬೇಕಲ್ಲ ಅಂತ ನಕ್ಕರು, ನಕ್ಕು ಆ ಕಾಗದದ ದುಡ್ಡನ್ನೂ ಬಿಲ್ಲಿಗೆ ಸೇರಿಸಿದರು. ನ್ಯಾಯವೇ.

ಒಂದು ಟ್ಯಾಗಿಗೆ 9 ರೂಪಾಯಿ, ಮೊಳೆ ಜೋಡಿಸಿದ್ದಕ್ಕೆ 600. ಆಫ್‌ಸೆಟ್‌ನಲ್ಲಿ ಇದಕ್ಕಿಂತ ಎಷ್ಟೋ ಕಮ್ಮಿಗೆ ಆಗುತ್ತದೆ. ಅವಸರವಿದ್ದರೆ, ಬರೆದ ಮಾತು ಒಂದಕ್ಷರವೂ ಬದಲಾಗಬಾರದೆಂದರೆ, ಅಲ್ಲಿಗೇ ಹೋಗಿ. ನಾನಂತೂ ಮತ್ತೆ ಇಲ್ಲಿಗೇ. ಮುಂದಿನ ಸಲ ಏಲಕ್ಕಿಗೆ ಟ್ಯಾಗ್ ಬೇಕು. ‘ಏ’ ಎಷ್ಟಿದೆ ಅಂತ ಕೇಳೋಣ ಅಂದರೆ ಫೋನ್ ಎತ್ತುತ್ತಿಲ್ಲ.