ಪೋಕೆಮಾನ್ ಡ್ಯುಯೆಲ್: ಬಲಕ್ಕಿಂತ ಜಾಗಕ್ಕೆ ಬೆಲೆ ಕೊಟ್ಟ ಆಟ

ಸಂಗ್ರಹಿಸಿದ ಜೀವಿಗಳನ್ನು ಎದುರುಬದುರು ನಿಲ್ಲಿಸಿ ಯಾರದು ಮೇಲುಗೈ ಎಂದು ನೋಡುವ ಮೊಬೈಲ್ ಆಟಗಳಿಗೆ ಬರವಿಲ್ಲ. 2016ರಲ್ಲಿ ಜಪಾನಿನಲ್ಲಿ ‘ಪೋಕೆಮಾನ್ ಕೋಮಾಸ್ಟರ್’ ಎಂದೂ 2017ರ ಜನವರಿಯಲ್ಲಿ ಹೊರದೇಶಗಳಲ್ಲಿ ‘ಪೋಕೆಮಾನ್ ಡ್ಯುಯೆಲ್’ ಎಂದೂ ಬಿಡುಗಡೆಯಾದ ಉಚಿತ ಆಟ ಮೇಲ್ನೋಟಕ್ಕೆ ಅದೇ ಜಾತಿಯದಾದರೂ ಅದರ ಲೆಕ್ಕಾಚಾರವೇ ಬೇರೆಯಾಗಿತ್ತು. ಇಲ್ಲಿ ಎದುರಾಳಿಯ ಪಡೆಯನ್ನೆಲ್ಲ ಸೋಲಿಸಬೇಕಾಗಿರಲಿಲ್ಲ. ಬೋರ್ಡಿನ ಮೇಲೆ ನಡೆಸುವ ನಿಮ್ಮ ಆರು ಪೋಕೆಮಾನ್ ಗೊಂಬೆಗಳಲ್ಲಿ ಒಂದು ಆತನ ಗೋಲನ್ನು ಮುಟ್ಟಿದರೂ ಗೆಲುವು ನಿಮ್ಮದೇ. ಇದನ್ನು ರೂಪಿಸಿದ ಹೀರೋಜ್ ಸಂಸ್ಥೆ ಜಪಾನಿನ ಚದುರಂಗವಾದ ಶೋಗಿಯ ಕೃತಕ ಬುದ್ಧಿಮತ್ತೆಗೆ ಹೆಸರಾದದ್ದು; ಆ ಅನುಭವ ಈ ಆಟದ ನಿಯಮಗಳಲ್ಲಿ ಎದ್ದು ಕಾಣುತ್ತಿತ್ತು.

ಅವುಗಳಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಸುತ್ತುವರಿಯುವ ನಿಯಮ. ಎದುರಾಳಿಯ ಗೊಂಬೆ ಎಷ್ಟೇ ಅಪರೂಪದ್ದಾಗಿರಲಿ, ಅದರ ಅಕ್ಕಪಕ್ಕದ ಬಿಂದುಗಳನ್ನೆಲ್ಲ ನಿಮ್ಮ ಗೊಂಬೆಗಳು ಹಿಡಿದುಕೊಂಡರೆ ಕಾಳಗವೇ ಇಲ್ಲದೆ ಅದು ಬೋರ್ಡಿನಿಂದ ಹೊರಬೀಳುತ್ತಿತ್ತು. ಹೊರಬಿದ್ದ ಗೊಂಬೆ ಸೇರುತ್ತಿದ್ದ ಪೋಕೆಮಾನ್ ಸೆಂಟರ್‌ನಲ್ಲಿ ಎರಡಕ್ಕೆ ಮಾತ್ರ ಜಾಗ. ಮೂರನೆಯದು ಬಂದೊಡನೆ ಮೊದಲನೆಯದು, ಬೋರ್ಡಿಗಿಳಿಯುವ ಮುನ್ನ ಗೊಂಬೆಗಳು ಕಾಯುವ ಬೆಂಚಿಗೆ ಮರಳುತ್ತಿತ್ತು. ಹೀಗಾಗಿ, ಎದುರಾಳಿಯ ಮೂರನೆಯ ಗೊಂಬೆಯನ್ನು ಹೊರಹಾಕುವ ಮೊದಲು, ಅದರಿಂದ ಆತನ ಯಾವ ಗೊಂಬೆ ಮರಳಿ ಬರುತ್ತದೆ ಎಂದು ಯೋಚಿಸಲೇಬೇಕಾಗಿತ್ತು. ಗೋಲಿನ ಮೇಲೆ ಕಾವಲು ನಿಂತ ಗೊಂಬೆಯನ್ನು ಒಂದು ಹೆಜ್ಜೆ ಮುಂದಿಡಬೇಕೇ ಬೇಡವೇ ಎಂಬ ಪ್ರಶ್ನೆಯಂತೂ ಪ್ರತಿ ಪಂದ್ಯದಲ್ಲೂ ಕಾಡುತ್ತಿತ್ತು.

ಎರಡು ಗೊಂಬೆಗಳು ಮುಖಾಮುಖಿಯಾದಾಗ ಬಣ್ಣಬಣ್ಣದ ದಾಳಿಗಳ ಪಾಲುಗಳಿದ್ದ ಎರಡರ ಚಕ್ರಗಳೂ ತಿರುಗುತ್ತಿದ್ದವು. ನೇರಳೆ ಬಣ್ಣದ ದಾಳಿ ಬಿಳಿಯದನ್ನು ಸೋಲಿಸಿದರೆ ಚಿನ್ನದ ಬಣ್ಣದ್ದು ನೇರಳೆಯನ್ನು ಸೋಲಿಸುತ್ತಿತ್ತು, ನೀಲಿ ಎಲ್ಲವನ್ನೂ ತಡೆಯುತ್ತಿತ್ತು, ಕೆಂಪು ಬಿದ್ದರೆ ಏಟು ತಪ್ಪಿದಂತೆ. ಬಿಳಿ ಮತ್ತು ಚಿನ್ನ ಎದುರಾದರೆ ದಾಳಿಯ ಅಂಕಿ ದೊಡ್ಡದಿದ್ದವರಿಗೆ ಜಯ. ಇದು ಬರೀ ಅದೃಷ್ಟದಾಟ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ, ಏಕೆಂದರೆ ಯಾವ ಗೊಂಬೆಯ ಮೇಲೆ, ಯಾವಾಗ ಏರಿಹೋಗಬೇಕು ಎಂಬ ಆಯ್ಕೆ ಬಹುಮಟ್ಟಿಗೆ ಆಟಗಾರನ ಕೈಯಲ್ಲೇ ಇತ್ತು.

ನನ್ನ ನಿಜವಾದ ತಕರಾರು ಹಣದ ವ್ಯವಸ್ಥೆಯ ಬಗ್ಗೆ. ಗೊಂಬೆಯ ಲೆವೆಲ್ ಏರಿದಂತೆ ಚಕ್ರದಲ್ಲಿ ಬೇಕಾದ ದಾಳಿಯ ಪಾಲನ್ನು ಹಿಗ್ಗಿಸಿಕೊಳ್ಳಬಹುದಾಗಿತ್ತು. ಅದಕ್ಕೆ ಬೇಕಾದ ಸಾಮಗ್ರಿಯೂ ‘ಇಎಕ್ಸ್’ ಎಂಬ ಅಪರೂಪದ ದರ್ಜೆಯ ಗೊಂಬೆಗಳೂ ಆಟದೊಳಗಿನ ಪೊಟ್ಟಣಗಳಾದ ಬೂಸ್ಟರ್‌ಗಳಿಂದ ಬರುತ್ತಿದ್ದವು, ಬೂಸ್ಟರ್‌ಗಳನ್ನು ಜೆಮ್ ಎಂಬ ಆಟದ ನಾಣ್ಯ ಕೊಟ್ಟು ಕೊಳ್ಳಬಹುದಿತ್ತು, ಜೆಮ್‌ಗಳನ್ನು ದುಡ್ಡು ಕೊಟ್ಟು. ಉಚಿತವಾಗಿಯೂ ಬೂಸ್ಟರ್ ಸಿಗುತ್ತಿತ್ತು ನಿಜ, ಆದರೆ ಅದರಲ್ಲಿ ಏನು ಬರುತ್ತದೆಂಬುದು ಯಾರ ಕೈಯಲ್ಲೂ ಇರಲಿಲ್ಲ. ಬೇರೆ ಗೊಂಬೆಗಳನ್ನು ದಾಟಿಕೊಂಡು ಸಾಗಬಲ್ಲ ಗೊಂಬೆ ಒಬ್ಬರ ಬಳಿ ಇದ್ದು ಇನ್ನೊಬ್ಬರ ಬಳಿ ಇಲ್ಲದಿದ್ದರೆ, ನಾನು ಮೇಲೆ ಹೊಗಳಿದ ಜಾಗದ ಲೆಕ್ಕಾಚಾರವೇ ಒಂದು ಕಡೆಗೆ ವಾಲಿಬಿಡುತ್ತಿತ್ತು.

2019ರ ಅಕ್ಟೋಬರ್ 31ರಂದು ಸೇವೆ ನಿಂತಿತು. ಸರ್ವರ್ ಇಲ್ಲದೆ ನಡೆಯದ ಆಟವಾದ್ದರಿಂದ, ಹಣ ಕೊಟ್ಟು ಪಡೆದದ್ದೂ ಶ್ರಮದಿಂದ ಪಡೆದದ್ದೂ ಒಟ್ಟಿಗೆ ಕೈತಪ್ಪಿದವು. ಇದಕ್ಕೂ ಹಿಂದೆ ಬಂದಿದ್ದ ಪೋಕೆಮಾನ್ ಟ್ರೇಡಿಂಗ್ ಫಿಗರ್ ಗೇಮ್ ಕೂಡ ಚಕ್ರ ತಿರುಗಿಸಿ ಆಡುವ ಆಟವೇ. ಅದರ ಪ್ಲಾಸ್ಟಿಕ್ ಗೊಂಬೆಗಳನ್ನು ಕೊಂಡವರು ಇಂದಿಗೂ ಆಡಬಹುದು. ಡ್ಯುಯೆಲ್‌ನಲ್ಲೂ ಕಂಪ್ಯೂಟರ್ ವಿರುದ್ಧ ಆಡುವ ಪಂದ್ಯಗಳಿದ್ದವು; ಕನಿಷ್ಠ ಅಷ್ಟನ್ನಾದರೂ ಇಂಟರ್ನೆಟ್ ಇಲ್ಲದೆ ಆಡುವಂತೆ ಮಾಡಿ ಬಿಟ್ಟುಕೊಡಬೇಕಾಗಿತ್ತು.