ಆರ್ಡರ್ ನೋಡಿ ಅಲ್ಟ್ರಾಸೌಂಡ್ ಕೋಡ್ ಹಾಕಬೇಡಿ, ನಾನು ಹಾಕಿ ಕೆಟ್ಟೆ

ಅಮೆರಿಕದ ಕ್ಲಿನಿಕ್ ಒಂದಕ್ಕೆ ಬಿಲ್ಲಿಂಗ್ ಕೋಡ್ ಹಾಕುವ ಕೆಲಸ ನನ್ನದು, ಅಂದರೆ ಮಾಡಿದ ಪರೀಕ್ಷೆಗೆ ಇನ್ಶೂರೆನ್ಸ್‌ನಿಂದ ದುಡ್ಡು ಕೇಳೋಕೆ ಅದರ ಸಂಖ್ಯೆ ಹಾಕೋದು. ಡಾಕ್ಟರ ಆರ್ಡರ್‌ನಲ್ಲಿ 'ಅಬ್ಡಾಮೆನ್ ಕಂಪ್ಲೀಟ್' (ಹೊಟ್ಟೆಯ ಪೂರ್ತಿ ಸ್ಕ್ಯಾನ್) ಅಂತ ಇದ್ದರೆ ಸಾಕು, ಕಣ್ಣು ಮುಚ್ಚಿ ಅದರ ಕೋಡ್ 76700 ಹಾಕುತ್ತಿದ್ದೆ. ರಿಪೋರ್ಟ್ ತೆರೆಯುತ್ತಲೇ ಇರಲಿಲ್ಲ ಅಂತಲ್ಲ, ಕೊನೆಯ ಇಂಪ್ರೆಷನ್ (ಡಾಕ್ಟರ ಸಾರಾಂಶ) ಒಂದನ್ನು ಓದಿ ಮುಚ್ಚಿಬಿಡುತ್ತಿದ್ದೆ. ದಿನಕ್ಕೆ ಇಷ್ಟು ಕ್ಲೇಮ್ (ದುಡ್ಡು ಕೇಳಿ ಕಳಿಸುವ ಬಿಲ್) ಮುಗಿಸಲೇಬೇಕು ಅನ್ನೋ ಒತ್ತಡ ಈ ಕೆಲಸದಲ್ಲಿರುವವರಿಗೆ ಗೊತ್ತೇ ಇರುತ್ತೆ. ತಿಂಗಳುಗಟ್ಟಲೆ ದುಡ್ಡೂ ಬರುತ್ತಿತ್ತು. ದುಡ್ಡು ಬಂತು ಅಂದರೆ ಕೋಡ್ ಸರಿಯಿದೆ ಅಂದುಕೊಂಡೆ, ಪೆದ್ದುತನ.

ಆಮೇಲೆ ಆಡಿಟ್ ಬಂತು.

76700ಕ್ಕೆ ರಿಪೋರ್ಟಿನಲ್ಲಿ ಲಿವರ್, ಪಿತ್ತಕೋಶ, ಪಿತ್ತನಾಳ, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ), ಸ್ಪ್ಲೀನ್ (ಗುಲ್ಮ), ಎರಡೂ ಕಿಡ್ನಿ, ಹೊಟ್ಟೆಯ ಮೇಲ್ಭಾಗದ ಅಯೋರ್ಟಾ (ದೊಡ್ಡ ರಕ್ತನಾಳ), ಐವಿಸಿ (ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ದೊಡ್ಡ ನಾಳ), ಇಷ್ಟರ ಬಗ್ಗೆಯೂ ಬರೆದಿರಬೇಕು. ಯಾವುದಾದರೂ ಕಾಣಿಸದೇ ಇದ್ದರೆ ಯಾಕೆ ಕಾಣಲಿಲ್ಲ ಅಂತಾದರೂ ಇರಬೇಕು: ಕರುಳಿನ ಗ್ಯಾಸ್ ಅಡ್ಡ ಬಂತು, ಪಿತ್ತಕೋಶ ಮೊದಲೇ ಆಪರೇಷನ್ ಮಾಡಿ ತೆಗೆದಿದ್ದಾರೆ, ಹೀಗೆ ಏನೋ ಒಂದು. ಅದೂ ಇಲ್ಲ ಅಂದರೆ ಅದು ಲಿಮಿಟೆಡ್ (ಅರೆಬರೆ ಸ್ಕ್ಯಾನ್), ಕೋಡ್ 76705, ದುಡ್ಡೂ ಕಡಿಮೆ. ನಮ್ಮ ಎಷ್ಟೋ ರಿಪೋರ್ಟುಗಳಲ್ಲಿ ಸ್ಪ್ಲೀನ್ ಬಗ್ಗೆ ಒಂದಕ್ಷರ ಇರಲಿಲ್ಲ. ಸ್ಕ್ಯಾನ್ ಮಾಡಿದವರು ನೋಡಿಯೇ ಇರುತ್ತಾರೆ ಅಂತ ನಾನು ವಾದಿಸಿದೆ. ಬರೆದಿಲ್ಲ ಅಂದರೆ ಮಾಡಿಲ್ಲ ಅಂತಲೇ ಲೆಕ್ಕ, ಅಂದರು ಆಡಿಟರ್. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಗ ಆಫೀಸಿನಲ್ಲೊಬ್ಬರು 'ಡಾಕ್ಟರಿಗೆ ಹೇಳಿ ಸ್ಪ್ಲೀನ್ ನಾರ್ಮಲ್ ಅಂತ ಒಂದು ಸಾಲು ಸೇರಿಸಿಬಿಡೋಣ' ಅಂದರು. ದಯವಿಟ್ಟು ಈ ದಾರಿಗೆ ಹೋಗಬೇಡಿ. ನನ್ನದು ಸೋಮಾರಿತನದ ತಪ್ಪು, ಆಡಿಟ್‌ಗೋಸ್ಕರ ಹಳೆಯ ರಿಪೋರ್ಟ್ ತಿದ್ದೋದು ಮೋಸ. ಕೊನೆಗೆ ಹಳೆಯ ಕ್ಲೇಮ್‌ಗಳನ್ನೆಲ್ಲ ಒಂದೊಂದಾಗಿ ತೆಗೆದು, ಮತ್ತೆ ಓದಿ, ಜಾಸ್ತಿ ಬಂದ ಹಣವನ್ನು ವಾಪಸ್ ಕೊಟ್ಟೆವು. ಮೆಡಿಕೇರ್‌ನದ್ದಾದರೆ (ಮುಖ್ಯವಾಗಿ ಹಿರಿಯರಿಗಿರುವ ಅಮೆರಿಕ ಸರ್ಕಾರದ ಇನ್ಶೂರೆನ್ಸ್) ಜಾಸ್ತಿ ಬಂದಿದೆ ಅಂತ ಗುರುತಿಸಿದ ಮೇಲೆ ವಾಪಸ್ ಕೊಡೋದಕ್ಕೆ 60 ದಿನದ ಗಡುವು ಇದೆ, ಸುಮ್ನೆ ಕೂರೋ ಹಾಗಿಲ್ಲ. ವಾರಗಟ್ಟಲೆ ರಾತ್ರಿ ಕೂತು ಮಾಡಿದ್ದು ಇದೇ ಕೆಲಸ.

ಆ ಮರು ಓದಿನಲ್ಲಿ ಕಿಡ್ನಿಯ ಕಡೆಯೂ ಎಡವಿದ್ದು ಗೊತ್ತಾಯ್ತು. ಮೂತ್ರದ ತೊಂದರೆಗೆ ಅಂತ ಎರಡೂ ಕಿಡ್ನಿಗಳ ಜೊತೆ ಮೂತ್ರಕೋಶವನ್ನೂ ನೋಡಿದ್ದರೆ 76770. ಬರೀ ಕಿಡ್ನಿ ನೋಡಿದ್ದರೆ 76775. ಮೂತ್ರ ಹೊಯ್ದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಅಳೆದದ್ದಷ್ಟೇ ಆದರೆ ಅದು 51798, ಅದಕ್ಕೆ ಪೆಲ್ವಿಕ್ (ಕಿಬ್ಬೊಟ್ಟೆಯ) ಅಲ್ಟ್ರಾಸೌಂಡಿನ 76857 ಹಾಕಿದರೆ ತಪ್ಪು. ನಾನು ಅದನ್ನೂ ಹಾಕಿದ್ದೆ ಬಿಡಿ.

ಈಗ ರಿಪೋರ್ಟಿನ ಫೈಂಡಿಂಗ್ಸ್ ಭಾಗವನ್ನು (ಸ್ಕ್ಯಾನಿನಲ್ಲಿ ಏನೇನು ಕಂಡಿತು ಅಂತ ಬರೆದಿರೋದು) ಮೊದಲು ಓದುತ್ತೇನೆ, ಒಂದೊಂದು ಅಂಗಕ್ಕೂ ಚೀಟಿಯಲ್ಲಿ ಟಿಕ್ ಹಾಕುತ್ತೇನೆ, ಆರ್ಡರ್ ಆಮೇಲೆ. ಏನಾದರೂ ಬಿಟ್ಟುಹೋಗಿದ್ದರೆ ಕ್ಲೇಮ್ ಹೋಗುವ ಮೊದಲೇ ಡಾಕ್ಟರಿಗೆ ಪ್ರಶ್ನೆ ಕಳಿಸುತ್ತೇನೆ. ಹೀಗೇ ಬರೆಯಿರಿ ಅಂತ ಹೇಳಲ್ಲ, ಇದು ರಿಪೋರ್ಟಿನಲ್ಲಿ ಇಲ್ಲವಲ್ಲ ಅಂತಷ್ಟೇ ಕೇಳುತ್ತೇನೆ. ಕೆಲವು ಡಾಕ್ಟರು ಸಿಡುಕುತ್ತಾರೆ. ಸಿಡುಕಲಿ.